ನೀಲಿ ನಕ್ಷತ್ರ, ಬಿಳಿ ಗಂಟೆ: ವಸಂತದ ಗೆಡ್ಡೆ ಹೂಗಳನ್ನು ಗುರುತಿಸುವುದು ಹೇಗೆ?

ಪ್ರಶ್ನೆ: ಎರಡು ವರ್ಷದ ಹಿಂದೆ ವಸಂತದಲ್ಲಿ ಅರಳುವ ಗೆಡ್ಡೆಗಳ ಕೆಲವು ಪೊಟ್ಟಣ ತಂದು ತೋಟದ ಮರದ ಸುತ್ತ ನೆಟ್ಟಿದ್ದೆ. ಈಗ ಬಂದಿರುವ ಹೂವಿಗೂ ಚೀಟಿಯಲ್ಲಿದ್ದ ಹೆಸರಿಗೂ ತಾಳೆಯಾಗುತ್ತಿಲ್ಲ. ‘ಕಿಯೊನೊಡಾಕ್ಸಾ’ ಎಂದು ಬರೆದಿದ್ದ ಪೊಟ್ಟಣದಿಂದ ಕೆಲವು ಬಿಳಿ ಕಣ್ಣಿನ, ಮೇಲೆ ನೋಡುವ ಹೂ ಬಂದಿವೆ. ಇನ್ನು ಕೆಲವು ಪೂರ್ತಿ ನೀಲಿ, ತಲೆ ತಗ್ಗಿಸಿವೆ. ‘ಸ್ನೋಡ್ರಾಪ್’ ಎಂದು ನೆಟ್ಟ ಒಂದು ಗುಂಪು ಗಿಡ್ಡಗಿದ್ದು ಬೇಗ ಅರಳಿತು. ಇನ್ನೊಂದು ಗುಂಪು ಮೊಣಕಾಲೆತ್ತರ ಬೆಳೆದು, ವಾರಗಟ್ಟಲೆ ತಡವಾಗಿ, ಒಂದೊಂದು ದಂಟಿಗೆ ನಾಲ್ಕೈದು ಹೂ ಬಿಟ್ಟಿದೆ. ಒಂದು ಮೂಲೆಯಲ್ಲಿ ದಪ್ಪ ದಂಟಿನ ಬ್ಲೂಬೆಲ್ ಹರಡುತ್ತಿದೆ. ಕೊನೆಯದಾಗಿ, ಹೂವೇ ಇಲ್ಲದೆ ಅಗಲವಾದ, ಹೊಳೆಯುವ ಎಲೆಗಳ ಗುಂಪೊಂದು ಬಂದಿದೆ. ಅದು ಕಾಡುಬೆಳ್ಳುಳ್ಳಿ, ಅಡುಗೆಗೆ ಬಳಸಬಹುದು ಅಂತ ಗೆಳತಿ ಹೇಳುತ್ತಾಳೆ. ನಾನು ನೆಡದ ಕಡೆಯೂ ನೀಲಿ ಹೂ ಕಾಣಿಸುತ್ತಿವೆ. ಗೆಡ್ಡೆಗಳು ಮಣ್ಣಿನಲ್ಲೇ ಜಾತಿ ಬದಲಿಸುತ್ತವಾ? ಎಲ್ಲವನ್ನೂ ಅಗೆದು, ಒಣಗಿಸಿ, ಗೆಡ್ಡೆ ನೋಡಿ ವಿಂಗಡಿಸಲೇ?

ಉತ್ತರ: ನಿಮ್ಮ ಪ್ರಶ್ನೆಗಳು ಹಲವು, ಆದರೆ ಚಿಂತೆ ಎರಡೇ ಅಂತ ನನಗನಿಸುತ್ತದೆ. ದುಡ್ಡು ಕೊಟ್ಟು ತಂದದ್ದು ಅದೇ ಹೌದಾ ಎಂಬುದು ಒಂದು. ಇದರಲ್ಲಿ ಅಪಾಯದ್ದು ಏನಾದರೂ ಇದೆಯಾ ಎಂಬುದು ಇನ್ನೊಂದು. ಎರಡನೆಯದನ್ನೇ ಮೊದಲು ನೋಡೋಣ, ಏಕೆಂದರೆ ಅದು ಕಾಯುವ ವಿಷಯವಲ್ಲ.

ಆ ಹೊಳೆಯುವ ಎಲೆಗಳನ್ನು ದಯವಿಟ್ಟು ಅಡುಗೆಮನೆಗೆ ತರಬೇಡಿ. ನೀವು ಹೇಳಿದ ಲಕ್ಷಣಗಳೆಲ್ಲ ಕಾಲ್ಚಿಕಮ್ ಕಡೆಗೆ ಬೆರಳು ತೋರಿಸುತ್ತವೆ. ಈ ಗಿಡದ ಎಲೆ ಬರುವುದು ವಸಂತದಲ್ಲಿ, ಹೂ ಬಿಡುವುದು ಶರತ್ಕಾಲದಲ್ಲಿ, ಅದೂ ಎಲೆಯಿಲ್ಲದೆ ನೆಲದಿಂದ ನೇರವಾಗಿ. ಹಾಗಾಗಿ ಈಗ ಹೂ ಕಾಣದಿರುವುದು ಸಹಜ. ಇದರಲ್ಲಿ ಕಾಲ್ಚಿಸಿನ್ ಎಂಬ ವಿಷವಿದೆ. ಗೌಟ್ ಎಂಬ ಕೀಲುನೋವಿಗೆ ವೈದ್ಯರು ಇದನ್ನೇ ತೀರಾ ಸಣ್ಣ ಪ್ರಮಾಣದಲ್ಲಿ ಕೊಡುತ್ತಾರೆ. ಪ್ರಮಾಣ ಸ್ವಲ್ಪ ಹೆಚ್ಚಾದರೂ ದೇಹದ ಜೀವಕೋಶಗಳು ವಿಭಜನೆಯಾಗುವುದನ್ನೇ ಅದು ತಡೆಯುತ್ತದೆ. ಬೇಯಿಸಿದರೆ ವಿಷ ಹೋಗುತ್ತದೆ ಎಂಬ ನಂಬಿಕೆ ಇದೆ. ಇಲ್ಲಿ ಅದು ಸುಳ್ಳು, ಈ ವಿಷ ಬೇಯಿಸಿದರೂ ಉಳಿಯುತ್ತದೆ. ಯುರೋಪಿನಲ್ಲಿ ಕಾಡುಬೆಳ್ಳುಳ್ಳಿ ಎಂದುಕೊಂಡು ಈ ಎಲೆಗಳನ್ನು ತಿಂದು ಜನ ಸತ್ತಿದ್ದಾರೆ.

ಎರಡನ್ನೂ ಬೇರ್ಪಡಿಸುವುದು ಹೇಗೆ? ಕಾಡುಬೆಳ್ಳುಳ್ಳಿಯ ಪ್ರತಿ ಎಲೆಗೂ ತನ್ನದೇ ತೆಳ್ಳನೆಯ ತೊಟ್ಟಿರುತ್ತದೆ. ಎಲೆ ಮೆತ್ತಗಿರುತ್ತದೆ. ಕಾಲ್ಚಿಕಮ್‌ನ ಎಲೆಗೆ ತೊಟ್ಟಿಲ್ಲ. ಹಲವು ಎಲೆಗಳು ಒಂದೇ ಬುಡದಿಂದ ಒಂದನ್ನೊಂದು ಸುತ್ತಿಕೊಂಡು ಬಿರುಸಾಗಿ ಎದ್ದಿರುತ್ತವೆ. ಎಲೆಗಳ ನಡುವೆ ಬೆರಳಿನಿಂದ ಸರಿಸಿ ನೋಡಿ. ದಪ್ಪನೆಯ ಹಸಿರು ಕಾಯಿ ಕಂಡರೆ ಅನುಮಾನವೇ ಬೇಡ. ಹಿಂದಿನ ಶರತ್ಕಾಲದ ಹೂವಿನ ಕಾಯಿ ಮೇಲೆ ಬರುವುದು ಈಗಲೇ. ನೋಡಿದ ಮೇಲೆ ಕೈ ತೊಳೆದುಕೊಳ್ಳಿ. ಇನ್ನು ವಾಸನೆ. ಬೆಳ್ಳುಳ್ಳಿ ವಾಸನೆ ಬರದಿದ್ದರೆ ಅದು ಕಾಡುಬೆಳ್ಳುಳ್ಳಿಯಲ್ಲ, ಅಷ್ಟು ಖಚಿತ. ಆದರೆ ವಾಸನೆ ಬಂದ ಮಾತ್ರಕ್ಕೆ ತಿನ್ನಬಹುದು ಎಂದಲ್ಲ. ಒಮ್ಮೆ ಬೆಳ್ಳುಳ್ಳಿ ಎಲೆ ಉಜ್ಜಿದ ಕೈಯಲ್ಲಿ ಆಮೇಲೆ ಯಾವ ಎಲೆ ಹಿಡಿದರೂ ಅದೇ ವಾಸನೆ. ಎಷ್ಟೋ ಜನ ಮೋಸ ಹೋಗುವುದು ಇಲ್ಲೇ.

ಯಾರಾದರೂ ಆಗಲೇ ತಿಂದಿದ್ದರೆ ವಾಂತಿ ಶುರುವಾಗಲಿ ಎಂದು ಕಾಯಬೇಡಿ. ಇದರ ಲಕ್ಷಣಗಳು ಕೆಲವು ಗಂಟೆ ತಡವಾಗಿ ಕಾಣಿಸುತ್ತವೆ. ಒಂದು ಎಲೆಯನ್ನು ಜೊತೆಗಿಟ್ಟುಕೊಂಡು ನೇರ ಆಸ್ಪತ್ರೆಗೆ ಹೋಗಿ.

ಶರತ್ಕಾಲದಲ್ಲಿ ಅಲ್ಲಿ ಕ್ರೋಕಸ್‌ನಂಥ ನೇರಳೆ ಹೂ ಬಂದರೆ ಕೇಸರಗಳನ್ನು, ಅಂದರೆ ಹೂವಿನೊಳಗೆ ಪರಾಗ ಹೊತ್ತ ಎಳೆಗಳನ್ನು, ಎಣಿಸಿ. ಕ್ರೋಕಸ್‌ಗೆ 3, ಕಾಲ್ಚಿಕಮ್‌ಗೆ 6. ಇಷ್ಟು ಸರಳವಾದ, ಇಷ್ಟು ಭರವಸೆಯ ಗುರುತು ಗೆಡ್ಡೆ ಹೂಗಳಲ್ಲಿ ಇನ್ನೊಂದಿಲ್ಲ. ಕ್ರೋಕಸ್ ಎಲೆಯಾದರೋ ಹುಲ್ಲಿನಷ್ಟು ತೆಳು, ಮಧ್ಯದಲ್ಲಿ ಒಂದು ಬಿಳಿ ಗೆರೆ. ನಾವು ಬಳಸುವ ಕೇಸರಿ ಸಿಗುವುದು ಶರತ್ಕಾಲದಲ್ಲೇ ಅರಳುವ ಒಂದು ಕ್ರೋಕಸ್‌ನಿಂದ. ಅದಕ್ಕೇ ಈ ಎಣಿಕೆ ಮಾಡದೆ ತೋಟದ ನೇರಳೆ ಹೂವಿನಿಂದ ಯಾರೂ ಕೇಸರಿ ಕೀಳಬಾರದು.

ಈಗ ಉಳಿದ ಹೂಗಳಿಗೆ ಬರೋಣ. ಇವು ಯಾಕೆ ಇಷ್ಟು ಒಂದೇ ಥರ ಕಾಣುತ್ತವೆ? ಕೆಲವು ನಿಜವಾಗಿಯೂ ಹತ್ತಿರದ ಸಂಬಂಧಿಗಳು. ಸಿಲ್ಲಾ, ಕಿಯೊನೊಡಾಕ್ಸಾ, ಪುಷ್ಕಿನಿಯಾ, ಮಸ್ಕಾರಿ, ಬ್ಲೂಬೆಲ್, ಹಯಸಿಂತ್ ಇವೆಲ್ಲ ಒಂದೇ ಬಳಗ. ಸ್ನೋಡ್ರಾಪ್, ಸ್ನೋಫ್ಲೇಕ್, ಡ್ಯಾಫೊಡಿಲ್ ಇನ್ನೊಂದು ಬಳಗ. ಆದರೆ ಕ್ರೋಕಸ್ ಮತ್ತು ಕಾಲ್ಚಿಕಮ್‌ಗೆ ಅಂಥ ನೆಂಟಸ್ತಿಕೆ ಏನಿಲ್ಲ, ಅವು ಬೇರೆ ಬೇರೆ ಕುಟುಂಬದವು. ಬದುಕುವ ರೀತಿ ಒಂದೇ ಆದಾಗ ರೂಪವೂ ಹತ್ತಿರ ಬರುತ್ತದೆ. ಚಳಿ ಮುಗಿದು ಮರಗಳು ಚಿಗುರುವ ಮುಂಚೆ ನೆಲಕ್ಕೆ ಬಿಸಿಲು ಬೀಳುವುದು ಕೆಲವೇ ವಾರ. ಅಷ್ಟರಲ್ಲಿ ಎಲೆ ಬಿಟ್ಟು, ಹೂ ಅರಳಿಸಿ, ಬೀಜ ಕಟ್ಟಿ, ಗೆಡ್ಡೆಯನ್ನು ಮತ್ತೆ ತುಂಬಿಕೊಳ್ಳಬೇಕು. ಈ ಅವಸರದಲ್ಲಿ ಬಹಳಷ್ಟು ಗಿಡಗಳು ಗಿಡ್ಡಗೆ, ಪಟ್ಟಿಯಂಥ ಎಲೆಯ, ಆರು ಎಸಳಿನ ಹೂಗಳಾಗಿ ನಿಂತಿವೆ.

ಆದ್ದರಿಂದ ಬಣ್ಣ ನೋಡಿ ಹೆಸರು ಹೇಳುವುದು ಬಿಟ್ಟುಬಿಡಿ. ತರಬೇತಿಗೆ ಬರುವ ಮಾಲಿಗಳಿಗೂ ನಾನು ಮೊದಲು ಹೇಳುವುದು ಇದನ್ನೇ. ಒಂದೇ ಜಾತಿಯಲ್ಲಿ ನೀಲಿ, ಬಿಳಿ, ಗುಲಾಬಿ ಮೂರೂ ಇರುತ್ತವೆ. ಹೂವನ್ನು ತಿರುಗಿಸಿ ಹಿಂಭಾಗ ನೋಡಿ, ಎಸಳುಗಳು ಬುಡದಲ್ಲಿ ಕೂಡಿಕೊಂಡಿವೆಯಾ, ಬಿಡಿಬಿಡಿಯಾಗಿವೆಯಾ? ಆಮೇಲೆ ಒಳಗೆ ನೋಡಿ, ಕೇಸರದ ಎಳೆಗಳು ತೆಳ್ಳಗಿವೆಯಾ, ಚಪ್ಪಟೆಯಾಗಿವೆಯಾ, ಒಂದಕ್ಕೊಂದು ಅಂಟಿವೆಯಾ? ಒಂದು ಸಣ್ಣ ಭೂತಗನ್ನಡಿ ಇದ್ದರೆ ಸಾಕು. ಅದೂ ಇಲ್ಲದಿದ್ದರೆ ಮೊಬೈಲ್‌ನಲ್ಲಿ ಹತ್ತಿರದಿಂದ ಫೋಟೊ ತೆಗೆದು ದೊಡ್ಡದು ಮಾಡಿ ನೋಡಿ.

ನಿಮ್ಮ ನೀಲಿ ನಕ್ಷತ್ರಗಳಿಗೆ ಇದನ್ನು ಹಚ್ಚಿ ನೋಡೋಣ. ಬಿಳಿ ಕಣ್ಣಿನ, ಮೇಲೆ ನೋಡುವವು ಕಿಯೊನೊಡಾಕ್ಸಾ ಇರಬೇಕು. ಅವುಗಳ ಎಸಳುಗಳು ಬುಡದಲ್ಲಿ ಕೂಡಿ ಒಂದು ಗಿಡ್ಡ ಕೊಳವೆಯಾಗಿರುತ್ತವೆ. ಒಂದು ಎಸಳನ್ನು ಮೆಲ್ಲಗೆ ಎಳೆದರೆ ಅದೊಂದೇ ಸಲೀಸಾಗಿ ಬರುವುದಿಲ್ಲ. ಒಳಗೆ ಕೇಸರದ ಎಳೆಗಳು ಚಪ್ಪಟೆ, ಬಿಳಿ. ಅವು ಒತ್ತಾಗಿ ನಿಂತು ನಡುವೆ ಪುಟ್ಟ ಗೋಪುರದಂತೆ ಕಾಣುತ್ತವೆ. ತಲೆ ತಗ್ಗಿಸಿದ ಕಡುನೀಲಿ ಹೂ ಸೈಬೀರಿಯನ್ ಸಿಲ್ಲಾ. ಇದರ ಎಸಳುಗಳು ಬುಡದವರೆಗೂ ಬಿಡಿ, ಕೇಸರದ ಎಳೆ ತೆಳು, ಪರಾಗಕ್ಕೂ ನೀಲಿ ಛಾಯೆ. ಈ ಹೂವಿಗೆ ಬಂದ ಜೇನುಹುಳದ ಕಾಲಿನಲ್ಲಿ ನೀಲಿ ಉಂಡೆ ಕಾಣುವುದು ಅದಕ್ಕೇ.

ಗಲಿಬಿಲಿ ಹುಟ್ಟಿಸುವ ಇನ್ನೂ ಎರಡು ಇವೆ. ಮಾಸಲು ಬಿಳಿಯ ಮೇಲೆ ಪ್ರತಿ ಎಸಳಿಗೂ ಒಂದು ನೀಲಿ ಗೆರೆ ಇದ್ದರೆ ಅದು ಪುಷ್ಕಿನಿಯಾ ಇರಬಹುದು, ಇಲ್ಲವೇ ಮಿಶ್ಚೆಂಕೋಆನಾ ಎಂಬ ಸಿಲ್ಲಾ ಇರಬಹುದು. ದೂರದಿಂದ ಎರಡೂ ಒಂದೇ. ಒಳಗೆ ನೋಡಿದರೆ ಪುಷ್ಕಿನಿಯಾದ ಕೇಸರದ ಎಳೆಗಳು ಒಂದಕ್ಕೊಂದು ಸೇರಿ ನಡುವೆ ಚಿಕ್ಕ ಬಟ್ಟಲಾಗಿರುತ್ತವೆ. ಸಿಲ್ಲಾದಲ್ಲಿ ಅವು ಬಿಡಿಬಿಡಿ. ಬಟ್ಟಲು ಕಂಡರೆ ಪುಷ್ಕಿನಿಯಾ, ಅಷ್ಟೇ.

ಇನ್ನು ‘ಎಲ್ಲ ಒಂದೇ’ ಅಂತ ಯಾರಾದರೂ ವಾದಿಸಿದರೆ ಅವರದು ಪೂರ್ತಿ ತಪ್ಪೂ ಅಲ್ಲ. ಕಿಯೊನೊಡಾಕ್ಸಾವನ್ನು ಪ್ರತ್ಯೇಕ ಕುಲವೆಂದು ಹೆಸರಿಸಿದ್ದು 1844ರಲ್ಲಿ, ಬ್ವಾಸಿಯೇ ಎಂಬ ಸ್ವಿಸ್ ಸಸ್ಯಶಾಸ್ತ್ರಜ್ಞ. ಈಗ ಅನೇಕ ಸಸ್ಯಶಾಸ್ತ್ರಜ್ಞರು ಅದನ್ನು ಸಿಲ್ಲಾದೊಳಗೇ ಸೇರಿಸುತ್ತಾರೆ. ಹಾಗಾಗಿ ಒಂದೇ ಗಿಡಕ್ಕೆ ಎರಡು ಪೊಟ್ಟಣದಲ್ಲಿ ಎರಡು ಹೆಸರು ಕಂಡರೆ ಮೋಸ ಎಂದುಕೊಳ್ಳಬೇಡಿ. ಕಿಯೊನೊಡಾಕ್ಸಾದ ಒಳಗೂ ಹಳೆಯದೊಂದು ಗೊಂದಲವಿದೆ. ಒಂದು ದಂಟಿಗೆ ಒಂದೆರಡು ದೊಡ್ಡ ಹೂ ಬಿಡುವುದು ಲೂಸಿಲಿಯೇ. ಹೆಚ್ಚು ಹೂ ಬಿಡುವುದು ಫೋರ್ಬ್ಸಿಯೈ. ಮಾರಾಟದಲ್ಲಿ ಬಹಳ ಕಾಲ ಎರಡನೆಯದನ್ನೇ ಮೊದಲನೆಯದರ ಹೆಸರಿನಲ್ಲಿ ಕೊಡುತ್ತ ಬಂದಿದ್ದಾರೆ. ಈ ತಪ್ಪಿನ ಬಗ್ಗೆ ಜಾಸ್ತಿ ತಲೆಕೆಡಿಸಿಕೊಳ್ಳಬೇಡಿ, ಎರಡರ ಆರೈಕೆಯೂ ಒಂದೇ. ಆದರೆ ಸಿಲ್ಲಾ ಮತ್ತು ಕಿಯೊನೊಡಾಕ್ಸಾ ಒಂದೇ ಪೊಟ್ಟಣದಲ್ಲಿ ಬಂದಿದ್ದರೆ ಅದು ವಿಂಗಡಣೆಯ ತಪ್ಪು. ಫೋಟೊ ಸಮೇತ ಮಾರಿದವರಿಗೆ ಹೇಳುವುದು ನ್ಯಾಯ.

ಬಿಳಿ ಹೂಗಳ ವಿಷಯ ಸುಲಭ. ಗಿಡ್ಡಗಿದ್ದು ಬೇಗ ಅರಳಿದ್ದು ಸ್ನೋಡ್ರಾಪ್. ದಂಟಿಗೆ ಒಂದೇ ಹೂ, ಹೊರಗೆ ಮೂರು ಉದ್ದ ಎಸಳು, ಒಳಗೆ ಮೂರು ಗಿಡ್ಡ ಎಸಳು, ಹಸಿರು ಗುರುತು ಸಾಮಾನ್ಯವಾಗಿ ಒಳಗಿನವಕ್ಕೆ ಮಾತ್ರ. ಎತ್ತರದ್ದು ಸ್ನೋಫ್ಲೇಕ್. ಅದರ ಆರೂ ಎಸಳು ಒಂದೇ ಉದ್ದ, ಪ್ರತಿಯೊಂದರ ತುದಿಗೂ ಹಸಿರು ಚುಕ್ಕೆ. ಸ್ನೋಫ್ಲೇಕ್‌ನಲ್ಲೂ ಎರಡು ಬಗೆ. ವಸಂತದ ಸ್ನೋಫ್ಲೇಕ್ ಗಿಡ್ಡ, ದಂಟಿಗೆ ಒಂದೋ ಎರಡೋ ಹೂ. ಬೇಸಿಗೆಯದು ಎಂದು ಕರೆಸಿಕೊಳ್ಳುವ ಇನ್ನೊಂದು 60 ಸೆಂಟಿಮೀಟರ್‌ವರೆಗೂ ಬೆಳೆದು ಮೂರರಿಂದ ಏಳು ಹೂ ಬಿಡುತ್ತದೆ, ಅರಳುವುದು ಮಾತ್ರ ವಸಂತದಲ್ಲೇ. ನಿಮ್ಮಲ್ಲಿರುವುದು ಇದೇ.

ಇದನ್ನು ನಷ್ಟ ಎಂದುಕೊಳ್ಳಬೇಡಿ. ನೀರು ನಿಲ್ಲುವ ಜಾಗದಲ್ಲಿ ಬಹುತೇಕ ಗೆಡ್ಡೆಗಳು ಕೊಳೆಯುತ್ತವೆ. ಈ ಸ್ನೋಫ್ಲೇಕ್ ಹಳ್ಳದ ಬದಿಯಲ್ಲೂ ಚೆನ್ನಾಗಿ ಬಾಳುತ್ತದೆ. ತೋಟದಲ್ಲಿ ತೇವ ಜಾಸ್ತಿಯಿರುವ ಮೂಲೆ ಇದ್ದರೆ ಅದನ್ನು ಅಲ್ಲಿಗೆ ಸಾಗಿಸಿ. ಸ್ನೋಡ್ರಾಪ್, ಸ್ನೋಫ್ಲೇಕ್, ಡ್ಯಾಫೊಡಿಲ್ ಮೂರರ ಗೆಡ್ಡೆಯಲ್ಲೂ ವಾಂತಿ ತರಿಸುವ ವಿಷವಿದೆ ಎಂಬುದು ನೆನಪಿರಲಿ. ಅಡುಗೆ ಈರುಳ್ಳಿಯ ಹತ್ತಿರ ಇವನ್ನು ಇಡಬೇಡಿ.

ಸ್ನೋಡ್ರಾಪ್‌ಗಳಲ್ಲೇ ಒಳಜಾತಿ ತಿಳಿಯುವ ಆಸೆಯಿದ್ದರೆ ಹೂ ಬಿಟ್ಟು ಎಲೆ ನೋಡಿ. ಇಲ್ಲಿ ಎಲೆ ನಂಬಬಹುದು. ಎಳೆಯ ಎಲೆಗಳು ಮುಖಾಮುಖಿ ಚಪ್ಪಟೆಯಾಗಿ ಒತ್ತಿಕೊಂಡು, ಕಿರಿದಾಗಿ, ಬೂದು ಹಸಿರಾಗಿದ್ದರೆ ನಿವಾಲಿಸ್. ಅಗಲ ಎಲೆಯೊಂದು ಇನ್ನೊಂದನ್ನು ಸುತ್ತಿದ್ದರೆ ಎಲ್ವೆಸಿಯೈ. ಅಂಚು ಹಿಂದಕ್ಕೆ ಮಡಚಿದ್ದರೆ ಪ್ಲಿಕೇಟಸ್. ಎಲೆ ಹೊಳೆಯುವ ತಿಳಿಹಸಿರಾಗಿದ್ದರೆ ವೊರೊನೋವಿಯೈ ಇರುವ ಸಾಧ್ಯತೆ ಹೆಚ್ಚು.

ಬ್ಲೂಬೆಲ್ ಹರಡುವ ಬಗ್ಗೆ ನಿಮಗಿರುವ ಅಳುಕು ಸರಿಯೇ. ದಪ್ಪ ದಂಟು ನೆಟ್ಟಗೆ ನಿಂತಿದ್ದು, ಹೂ ದಂಟಿನ ಸುತ್ತಲೂ ಇದ್ದು, ಎಲೆ ಎರಡು ಬೆರಳಿನಷ್ಟು ಅಗಲವಿದ್ದರೆ ಅದು ಸ್ಪ್ಯಾನಿಷ್ ಬ್ಲೂಬೆಲ್ ಅಥವಾ ಮಿಶ್ರತಳಿ. ಇಂಗ್ಲಿಷ್ ಬ್ಲೂಬೆಲ್‌ನ ದಂಟು ಒಂದು ಕಡೆಗೆ ಬಾಗುತ್ತದೆ. ಹೂ ಬಹುಪಾಲು ಒಂದೇ ಬದಿಗೆ ಜೋತಿರುತ್ತವೆ. ಹೂ ಸಪೂರ ಕೊಳವೆ, ತುದಿ ಹಿಂದಕ್ಕೆ ಸುರುಳಿ, ಸಿಹಿ ಪರಿಮಳ. ಪರಾಗ ಒಳ್ಳೆಯ ಗುರುತು. ಹೊಸದಾಗಿ ಅರಳಿದ ಹೂವಿನಲ್ಲಿ ಅದು ಕೆನೆಬಣ್ಣದ್ದಾಗಿದ್ದರೆ ಇಂಗ್ಲಿಷ್, ನೀಲಿಯಾಗಿದ್ದರೆ ಸ್ಪ್ಯಾನಿಷ್. ಮಿಶ್ರತಳಿಯಲ್ಲಿ ಈ ಲಕ್ಷಣಗಳು ಕಲಸಿಹೋಗಿರುತ್ತವೆ, ಒಂದೇ ಗುರುತು ನಂಬಿ ತೀರ್ಪು ಕೊಡಬೇಡಿ. ಬ್ರಿಟನ್ನಿನಲ್ಲಿ ಕಾಡಿನ ಬ್ಲೂಬೆಲ್‌ಗೆ 1981ರ ವನ್ಯಜೀವಿ ಕಾಯ್ದೆಯ ರಕ್ಷಣೆಯಿದೆ. ಅಲ್ಲಿ ತೋಟದಿಂದ ತಪ್ಪಿಸಿಕೊಂಡ ಸ್ಪ್ಯಾನಿಷ್ ಬಗೆ ಕಾಡಿನದರ ಜೊತೆ ಬೆರೆಯುತ್ತದೆ ಎಂಬುದೇ ದೊಡ್ಡ ಕಳವಳ. ಕಾಡು ಬ್ಲೂಬೆಲ್ ಹತ್ತಿರದಲ್ಲೇ ಬೆಳೆಯುವ ಕಡೆ ಇದನ್ನು ಇಟ್ಟುಕೊಳ್ಳದಿರುವುದೇ ವಾಸಿ. ಬೇರೆ ಕಡೆ ಅದು ನಿಮ್ಮ ಇಷ್ಟ, ಆದರೆ ಬೀಜ ಕಟ್ಟುವ ಮುಂಚೆ ಬಾಡಿದ ಹೂದಂಟು ಕತ್ತರಿಸಿ.

ಗೆಡ್ಡೆ ಜಾತಿ ಬದಲಿಸುತ್ತದಾ ಎಂದು ಕೇಳಿದ್ದೀರಿ. ಇಲ್ಲ. ಸಿಲ್ಲಾ ಗೆಡ್ಡೆ ಎಷ್ಟು ವರ್ಷ ಮಣ್ಣಿನಲ್ಲಿದ್ದರೂ ಸಿಲ್ಲಾವೇ. ಆದರೂ ತೋಟದ ಚಿತ್ರ ಬದಲಾಗುವುದು ನಿಜ, ಅದಕ್ಕೆ ಕಾರಣ ಬೇರೆ. ಜೋರಾಗಿ ಹೆಚ್ಚುವ ಬಗೆ ನಿಧಾನದ್ದನ್ನು ಹಿಂದಕ್ಕೆ ತಳ್ಳುತ್ತದೆ. ಆಗ ಹಳದಿ ಹೂ ನೀಲಿಯಾಯಿತು ಅಂತ ಅನಿಸುತ್ತದೆ, ಅಲ್ವಾ? ನೆಡದ ಕಡೆ ಹೂ ಕಾಣುವುದು ಸಾಮಾನ್ಯವಾಗಿ ಇರುವೆಗಳ ಕೆಲಸ. ಸಿಲ್ಲಾ, ಸ್ನೋಡ್ರಾಪ್‌ನಂಥವುಗಳ ಬೀಜಕ್ಕೆ ಒಂದು ಮೆತ್ತನೆಯ ತುಣುಕು ಅಂಟಿರುತ್ತದೆ. ಇರುವೆಗಳು ಅದರ ಆಸೆಗೆ ಬೀಜ ಹೊತ್ತೊಯ್ದು, ಅದನ್ನು ತಿಂದು ಬೀಜ ಬಿಡುತ್ತವೆ. ಆದರೆ ಬೀಜದಿಂದ ಹೂವಾಗಲು ಕೆಲವು ವರ್ಷ ಬೇಕು. ಹಾಗಾಗಿ ನೀವು ಎರಡೇ ವರ್ಷದಲ್ಲಿ ಕಾಣುತ್ತಿರುವ ಹೂಗಳು ಬಹುಶಃ ಅಗೆಯುವಾಗ ಸರಿದ ಗೆಡ್ಡೆಗಳಿಂದ, ಇಲ್ಲವೇ ಮೊದಲೇ ಅಲ್ಲಿದ್ದ ಗಿಡಗಳಿಂದ ಬಂದಿರಬೇಕು. ಮುಂದೆ ಬರುವವು ಬೀಜದವು. ಅವುಗಳಲ್ಲಿ ಸಿಲ್ಲಾ ಬಿಫೋಲಿಯಾ ಮತ್ತು ಕಿಯೊನೊಡಾಕ್ಸಾ ಕೂಡಿ ಹುಟ್ಟಿದ ನಡುವಿನ ರೂಪಗಳೂ ಇರಬಹುದು. ಅಂಥದ್ದಕ್ಕೆ ಸುಮ್ನೆ ಒಂದು ಹೆಸರು ಹಚ್ಚಲು ಹೋಗಬೇಡಿ.

ಕೊನೆಗೆ, ಅಗೆದು ಒಣಗಿಸಿ ವಿಂಗಡಿಸುವ ಯೋಚನೆ. ಈಗಲೇ ಬೇಡ ಎನ್ನುತ್ತೇನೆ. ಒಣ ಗೆಡ್ಡೆ ಹೇಳುವುದು ಕಡಿಮೆ. ಕತ್ತರಿಸಿದಾಗ ಈರುಳ್ಳಿಯಂತೆ ಪದರ ಕಂಡರೆ ನಿಜವಾದ ಗೆಡ್ಡೆ. ಪದರವಿಲ್ಲದೆ ಗಟ್ಟಿಯಾಗಿದ್ದರೆ ಕ್ರೋಕಸ್ ಅಥವಾ ಕಾಲ್ಚಿಕಮ್ ಬಗೆಯದು. ಬ್ಲೂಬೆಲ್ ಗೆಡ್ಡೆಗೆ ಕಂದು ಸಿಪ್ಪೆ ಇಲ್ಲ, ಬೆಳ್ಳಗಿರುತ್ತದೆ. ಎತ್ತರದ ಸ್ನೋಫ್ಲೇಕ್‌ನದು ಚಿಕ್ಕ ಡ್ಯಾಫೊಡಿಲ್ ಗೆಡ್ಡೆಯಷ್ಟಿದ್ದರೆ ಸ್ನೋಡ್ರಾಪ್‌ನದು ಅದಕ್ಕಿಂತ ತುಂಬ ಚಿಕ್ಕದು. ಸಿಲ್ಲಾ ಮತ್ತು ಕಿಯೊನೊಡಾಕ್ಸಾವನ್ನು ಸಿಪ್ಪೆಯ ಬಣ್ಣ ನೋಡಿ ಹೇಳುವವರಿದ್ದಾರೆ, ನಾನು ಅದರ ಮೇಲೆ ತೀರ್ಮಾನ ಮಾಡುವುದಿಲ್ಲ. ಜೊತೆಗೆ ಸ್ನೋಡ್ರಾಪ್ ಗೆಡ್ಡೆ ಗಾಳಿಯಲ್ಲಿ ಬೇಗ ಒಣಗಿ ಸತ್ತುಹೋಗುತ್ತದೆ. ವಿಂಗಡಿಸುವ ಹೊತ್ತಿಗೆ ವಿಂಗಡಿಸಲು ಏನೂ ಉಳಿದಿರುವುದಿಲ್ಲ.

ನಾನು ಮಾಡುವುದು ಹೀಗೆ. ಹೂ ಇರುವಾಗಲೇ ಪ್ರತಿ ಗುಂಪಿನ ಪಕ್ಕ ಒಂದು ಕಡ್ಡಿ ನೆಟ್ಟು, ಪೆನ್ಸಿಲ್‌ನಲ್ಲಿ ಹೆಸರು ಬರೆದಿಡುತ್ತೇನೆ. ಬಿಸಿಲು ಮಳೆಗೆ ಪೆನ್ಸಿಲ್ ಅಳಿಯುವುದಿಲ್ಲ, ಪೆನ್ನು ಅಳಿಯುತ್ತದೆ. ಹೂವಿನ ಹಿಂಭಾಗ ಮತ್ತು ಒಳಭಾಗದ ಫೋಟೊ ತೆಗೆದಿಡುತ್ತೇನೆ. ಹೂ ಬಾಡಿದ ಕೂಡಲೇ, ಎಲೆ ಹಸಿರಿರುವಾಗಲೇ, ಬೇರೆ ಮಾಡಬೇಕಾದ ಗುಂಪನ್ನು ಮಣ್ಣು ಸಮೇತ ಆಳವಾಗಿ ಎತ್ತಿ, ಅದೇ ದಿನ ಹೊಸ ಜಾಗದಲ್ಲಿ ಮೊದಲಿನ ಆಳಕ್ಕೇ ನೆಟ್ಟು ನೀರು ಕೊಡುತ್ತೇನೆ. ಇದರ ಅಪಾಯ ಏನೆಂದರೆ ಬೇರು ಹರಿದರೆ ಮುಂದಿನ ವರ್ಷ ಹೂ ಕಡಿಮೆಯಾಗಬಹುದು. ಎಲೆ ಹಳದಿಯಾಗುವವರೆಗೆ ಕಾದು ಅಗೆದರೆ ಗಿಡಕ್ಕೆ ಪೆಟ್ಟು ಕಡಿಮೆ. ಆದರೆ ಪುಟ್ಟ ಗೆಡ್ಡೆಗಳು ಮಣ್ಣಿನಲ್ಲಿ ಕಳೆದುಹೋಗಿ ಮತ್ತೆ ಅದೇ ಮಿಶ್ರಣ ಆಗುತ್ತದೆ. ಏನೂ ಮಾಡದೆ ಬಿಡುವುದೂ ಒಂದು ದಾರಿ. ಸಿಲ್ಲಾ ಮತ್ತು ಕಿಯೊನೊಡಾಕ್ಸಾ ಒಟ್ಟಿಗಿದ್ದರೆ ಯಾರಿಗೂ ತೊಂದರೆಯಿಲ್ಲ, ನಾನಾದರೆ ಅವನ್ನು ಮುಟ್ಟುವುದಿಲ್ಲ.

ಯಾವ ದಾರಿ ಹಿಡಿದರೂ ಹಸಿರು ಎಲೆ ಕತ್ತರಿಸಬೇಡಿ, ಗಂಟು ಹಾಕಬೇಡಿ. ಮುಂದಿನ ವರ್ಷದ ಹೂವಿಗೆ ಆಹಾರ ಅಲ್ಲಿಂದಲೇ ಬರಬೇಕು. ಡ್ಯಾಫೊಡಿಲ್‌ಗಂತೂ ಹೂ ಬಾಡಿದ ಮೇಲೆ ಕನಿಷ್ಠ 6 ವಾರ ಎಲೆ ಬಿಡಬೇಕು. ಅಗೆಯುವಾಗ ಕೈಗವಸು ಹಾಕಿಕೊಳ್ಳಿ, ಡ್ಯಾಫೊಡಿಲ್ ರಸ ಮತ್ತು ಹಯಸಿಂತ್ ಗೆಡ್ಡೆ ಚರ್ಮಕ್ಕೆ ತುರಿಕೆ ತರಿಸುತ್ತವೆ. ಬ್ಲೂಬೆಲ್ ತೆಗೆಯುವುದಾದರೆ ಆಳಕ್ಕೆ ಅಗೆಯಿರಿ. ಅದರ ಬೇರುಗಳು ಕುಗ್ಗುತ್ತ ಗೆಡ್ಡೆಯನ್ನು ವರ್ಷವರ್ಷ ಕೆಳಗೆ ಎಳೆಯುತ್ತವೆ. ತೆಗೆದ ಗೆಡ್ಡೆಗಳನ್ನು ಗೊಬ್ಬರದ ಗುಂಡಿಗೆ ಹಾಕಬೇಡಿ, ಅಲ್ಲೂ ಚಿಗುರುತ್ತವೆ. ಕಪ್ಪು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಪೂರ್ತಿ ಕೊಳೆತ ಮೇಲಷ್ಟೇ ಹೊರಗೆ ಹಾಕಿ.

ಕಾಲ್ಚಿಕಮ್ ಇಟ್ಟುಕೊಳ್ಳುವುದಾದರೆ ತರಕಾರಿ ಮಡಿಯಿಂದ, ಮಕ್ಕಳು ಆಡುವ ಜಾಗದಿಂದ ದೂರ ಇರಲಿ, ಪಕ್ಕದಲ್ಲೊಂದು ‘ವಿಷ’ ಎಂಬ ಫಲಕ ಇರಲಿ. ಚಿಕ್ಕ ಮಕ್ಕಳಿರುವ ಮನೆಯಾದರೆ ಈ ವರ್ಷವೇ ತೆಗೆದುಬಿಡಿ. ಗೆಳತಿಗೂ ಇವತ್ತೇ ಒಂದು ಫೋನ್ ಮಾಡಿ. ಅವರು ಅದೇ ಎಲೆಯನ್ನು ಬೇರೆ ಕಡೆಯಿಂದಲೂ ಕಿತ್ತು ತಂದಿರಬಹುದು.